ಕೊಬ್ಬು ತೆಗೆದ ಸಾರು

ಬಡವನಹಳ್ಳಿಯ ಮೂಡಲಗಿರಿಯಪ್ಪ ಕುರಿ ವ್ಯಾಪಾರಿ. ಕುರಿಯ ಬೆನ್ನಿನ ಮೇಲೆ ಕೈಯಾಡಿಸಿಯೇ ಎಷ್ಟು ಕೆಜಿ ಬಾಡು ಬೀಳುತ್ತದೆಂದು ಹೇಳಬಲ್ಲವನು. ಆ ಬಾಡಿನಲ್ಲಿ ಅವನಿಗೆ ಬೇಕಾಗಿದ್ದದ್ದು ಕೊಬ್ಬು. ಸಾರಿನ ಮೇಲೆ ಬೆರಳು ದಪ್ಪ ಜಿಡ್ಡು ತೇಲದಿದ್ದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಹೆಂಡತಿ ಪುಟ್ಟಕ್ಕ ಇಪ್ಪತ್ತು ವರ್ಷ ಅವನ ಮನಸ್ಸಿನಂತೆಯೇ ಬೇಯಿಸಿದಳು.

ನಲವತ್ತೆಂಟಕ್ಕೆ ಅವನು ಸಿರಾ ಸಂತೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಸ್ಟೆಂಟ್ ಹಾಕಿದ ಡಾಕ್ಟರು ಬಾಯಿ ಕಟ್ಟಲೇಬೇಕು ಎಂದರು.

"ಬಾಡು ಬುಟ್ಟು ಬದುಕೋ ಬದ್ಲು ಸಾಯ್ತೀನಿ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

"ಬುಡ್ಬೇಡ. ನಾನು ಮಾಡಿದಂಗೆ ತಿನ್ನು, ಅಷ್ಟೇ ಸಾಕು" ಎಂದಳು ಪುಟ್ಟಕ್ಕ.

ಅಲ್ಲಿಂದಾಚೆಗೆ ಭಾನುವಾರ ಮಾತ್ರ ಬಾಡು. ಅಂಗಡಿಯ ಮುಂದೆ ತಾನೇ ನಿಂತು ಕೊಬ್ಬಿಲ್ಲದ ತೊಡೆಯ ತುಂಡು ಹಾಕಿಸಿಕೊಳ್ಳುವಳು. ಹಿಂದಿನ ಸಂಜೆಯೇ ಬೇಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ ಬಿಸಾಡುವಳು. ಮಸಾಲೆಗೆ ತೆಂಗಿನಕಾಯಿ ಕಮ್ಮಿ, ಮೆಂತ್ಯ ಸೊಪ್ಪು ಜಾಸ್ತಿ. ಅರ್ಧ ಮುದ್ದೆ, ನಾಲ್ಕು ತುಂಡು. ಮೊದಲ ವಾರ ಅವನು ತಟ್ಟೆ ತಳ್ಳಿದ. ಮೂರನೆಯ ವಾರ ಬೆರಳು ನೆಕ್ಕಿದ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ, "ಲೇ, ಬಾಡು ಇಷ್ಟು ರುಚಿಯಾಗಿರುತ್ತಾ? ಇಷ್ಟು ದಿನ ನಾನು ಬರೀ ಜಿಡ್ಡು ತಿಂದಿದ್ದೀನಿ ಕಣೆ" ಎಂದ. ಮದುವೆಯಾದ ಮೇಲೆ ಅವಳ ಅಡುಗೆಯನ್ನು ಅವನು ಹೊಗಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ಅವನ ಅಕ್ಕ ಇಂದ್ರಮ್ಮನ ಮನೆಯ ಬೀಗರೂಟ ಬಂತು. ಅವಳ ಮನೆ ಪಕ್ಕದ ಬೀದಿಯಲ್ಲೇ. ಪಂಕ್ತಿಯಲ್ಲಿ ಕೂತ ತಮ್ಮನನ್ನು ನೋಡಿ ಅವಳು ಎಲ್ಲರಿಗೂ ಕೇಳುವಂತೆ, "ಏನ್ಲಾ, ಹೆಣದಂಗೆ ಆಗಿದ್ದೀಯಾ! ಹೆಂಡ್ತಿ ಹೊಟ್ಟೆಗೆ ಹಾಕಲ್ವಾ?" ಎಂದಳು.

"ತುಂಡು ಎಣಿಸಿ ಬಡಿಸ್ತಾಳಂತೆ!" ಎಂದು ಯಾರೋ ಕೂಗಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

"ಡಾಕ್ಟ್ರು ಹೇಳವ್ರೆ ಅಕ್ಕಯ್ಯ..." ಎಂದು ಪುಟ್ಟಕ್ಕ ಬಾಯಿ ತೆರೆಯುವಷ್ಟರಲ್ಲಿ ಮೂಡಲಗಿರಿಯಪ್ಪ ಗದರಿದ. "ಬಾಯಿ ಮುಚ್ಚೇ! ನಾಯಿ ಮೂಸದ ನೀರ್ಸಾರು ಕುಡಿಸಿ ನನ್ನ ಮಾನ ಕಳೆದ್ಯಲ್ಲ!"

ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡು ಕೊಬ್ಬಿನ ತುಂಡುಗಳನ್ನು ತಾನೇ ಎಲೆಗೆ ಸುರಿದುಕೊಂಡ. ಪುಟ್ಟಕ್ಕ ಮುಟ್ಟದ ಎಲೆಯ ಮುಂದಿನಿಂದ ಎದ್ದು ಹೋದಳು. ಯಾರೂ ತಡೆಯಲಿಲ್ಲ.

ಮಾರನೆಯ ದಿನದಿಂದ ಅವನ ಊಟ ಅಕ್ಕನ ಮನೆಯಲ್ಲಿ. ಮಾತ್ರೆಗಳನ್ನು ಪುಟ್ಟಕ್ಕನ ಕಣ್ಣೆದುರಿಗೇ ತಿಪ್ಪೆಗೆಸೆದ. ಮೂರನೆಯ ತಿಂಗಳು ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ತವು. ಮಾತು ನಿಂತಿತು. ನುಂಗುವ ಶಕ್ತಿಯೂ ಹೋಯಿತು. ಆಸ್ಪತ್ರೆಗೆ ಒಂದೇ ಸಲ ಬಂದ ಇಂದ್ರಮ್ಮ ವಾರ್ಡಿನ ಬಾಗಿಲಲ್ಲೇ ನಿಂತು, "ಉಪಾಸ ಕೆಡವಿ ಮೈ ಸೊರಗಿಸಿದ್ಲು, ಅದಕ್ಕೇ ಇಂಗಾಯ್ತು" ಎಂದು ಹೇಳಿ ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈಗ ಅವನು ನಡುಮನೆಯ ಮಂಚದ ಮೇಲೆ, ಮೂಗಿನಲ್ಲಿ ನಳಿಕೆ. ದಿನಕ್ಕೆ ಆರು ಸಲ ಪುಟ್ಟಕ್ಕ ಅದರಲ್ಲಿ ಗಂಜಿ ಬಿಡುತ್ತಾಳೆ. ಒರೆಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ. ಅವನೊಡನೆ ಒಂದು ಮಾತೂ ಆಡುವುದಿಲ್ಲ.

ಮೊನ್ನೆ ಭಾನುವಾರ ಮಗಳು ಆಶಾರಾಣಿ ಮಧುಗಿರಿಯ ಹಾಸ್ಟೆಲಿನಿಂದ ಬಂದಿದ್ದಳು. ಎಷ್ಟೋ ತಿಂಗಳ ಮೇಲೆ ಪುಟ್ಟಕ್ಕ ಬಾಡು ತಂದು ಸಾರು ಮಾಡಿದಳು. ಒಗ್ಗರಣೆಯ ವಾಸನೆ ನಡುಮನೆಗೆ ಹೋಗುತ್ತಲೇ ಅವನ ಕಣ್ಣಲ್ಲಿ ನೀರು ಇಳಿಯಿತು. ಎಡಗೈ ಮಂಚದ ಪಟ್ಟಿಯನ್ನು ಬಡಿಯತೊಡಗಿತು.

"ಅಮ್ಮ, ಅಪ್ಪ ಅಳ್ತಾ ಐತೆ. ಬಾಗ್ಲು ಹಾಕ್ಲಾ?"

"ತೆಗ್ದೇ ಇರ್ಲಿ. ನೀನು ಉಣ್ಣು."

ಪುಟ್ಟಕ್ಕ ತನಗೆ ಅರ್ಧ ಮುದ್ದೆ, ನಾಲ್ಕು ತುಂಡು ಹಾಕಿಕೊಂಡು, ಮಂಚಕ್ಕೆ ಎದುರಾಗಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ಕೂತಳು. ಆತುರಪಡದೆ ಒಂದೊಂದೇ ತುಂಡು ಅಗಿದಳು. ಬೀಗರೂಟದ ದಿನದಿಂದ ಸಪ್ಪೆಯಾಗಿದ್ದ ನಾಲಿಗೆಗೆ ಅವತ್ತು ರುಚಿ ಹತ್ತಿತು. ಮಂಚ ಬಡಿಯುವ ಸದ್ದಿಗೆ ಮಗಳು ತಟ್ಟೆ ಬಿಟ್ಟು ಎದ್ದಳು. ತಾಯಿ ಇನ್ನೊಂದು ಸೌಟು ಸಾರು ಬಡಿಸಿಕೊಂಡು, ಕೊನೆಯ ತುತ್ತಿನವರೆಗೂ ಉಂಡು, ಕೈ ತೊಳೆದು, ಆಮೇಲೆ ಗಂಜಿ ಸೋಸಲು ಕೂತಳು.