ನೀರು ಕುಡಿಯುವ ಧೈರ್ಯ ಕೊಟ್ಟ ಗುರುಬಸಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಂಜನಗೂಡಿನ ಹುಣಸೆತೋಪು ಸ್ಟಾಪಿನಲ್ಲಿ ಹಾಲಿನ ವ್ಯಾನು ಕ್ರೇಟುಗಳನ್ನು ಇಳಿಸಿ ಹೋಗಿದೆ. ಟೀ ಅಂಗಡಿಯ ಸ್ಟೌ ಈಗಷ್ಟೇ ಬುಸುಗುಟ್ಟುತ್ತಿದೆ. ಸ್ಟಾಪಿನ ಹಿಂದಿರುವ ತಿಳಿಹಳದಿ ಬಣ್ಣದ ಕಟ್ಟಡದೊಳಗೆ ಮಾತ್ರ ಕೆಲಸ ಆಗಲೇ ಅರ್ಧ ಮುಗಿದಿದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಹಣೆ ತುಂಬ ವಿಭೂತಿ ಇಟ್ಟ ಹೆಂಗಸೊಬ್ಬರು ಒಳಗೆ ನೀರು ಹುಯ್ದು ಕಡ್ಡಿಪೊರಕೆಯಿಂದ ನೆಲ ತಿಕ್ಕುತ್ತಿದ್ದಾರೆ. ಫಿನಾಯಿಲಿನ ವಾಸನೆ ಬೀದಿಯವರೆಗೂ ಬರುತ್ತಿದೆ.

ಇದು ಹೆಂಗಸರ ಶೌಚಾಲಯ. ಇವರು ಅದನ್ನು ನೋಡಿಕೊಳ್ಳುವ ಗುರುಬಸಮ್ಮ. ವಯಸ್ಸು ಐವತ್ತು ದಾಟಿದೆ.

ತೊಳೆದು ಮುಗಿಸಿದ ಮೇಲೆ ಅವರು ಒಂದೊಂದೇ ಬಾಗಿಲನ್ನು ಹಾಕಿ ತೆಗೆದು ಚಿಲಕ ಪರೀಕ್ಷೆ ಮಾಡುತ್ತಾರೆ. ಅದೇಕೆ ಎಂದು ಕೇಳಿದರೆ, ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. "ಚಿಲ್ಕ ಬೀಳ್ದಿದ್ರೆ ಎಷ್ಟು ತೊಳುದ್ರೂ ಏನ್ ಬಂತು ಕಣವ್ವ? ಒಬ್ರು ಒಳಗೋದ್ರೆ ಇನ್ನೊಬ್ರು ಬಾಗ್ಲು ಇಡ್ಕೊಂಡು ನಿಂತಿರ್ಬೇಕು. ಒಂಟಿಯಾಗಿ ಬಂದೋಳು ಏನ್ ಮಾಡ್ಬೇಕು?"

ಅಷ್ಟರಲ್ಲಿ ಹೆಡತಲೆ ಕಡೆಯ ಮೊದಲ ಬಸ್ಸು ಬರುತ್ತದೆ. ಸೊಪ್ಪಿನ ಮಂಕರಿ ಹೊತ್ತ ನಾಲ್ಕೈದು ಹೆಂಗಸರು ಇಳಿಯುತ್ತಾರೆ. ಮಂಕರಿಗಳನ್ನು ಶೌಚಾಲಯದ ಮೆಟ್ಟಿಲ ಬಳಿ ಇಟ್ಟು, "ಗುರುಬಸಕ್ಕ, ವಸಿ ನೋಡ್ಕೊ" ಎಂದು ಒಳಗೆ ಹೋಗುತ್ತಾರೆ. ಗುರುಬಸಮ್ಮ ಪೊರಕೆ ಗೋಡೆಗೆ ಒರಗಿಸಿ, ಸೊಪ್ಪಿಗೆ ಬಾಯಿ ಹಾಕಲು ಬಂದ ಹಸುವನ್ನು ಅಟ್ಟುತ್ತಾರೆ. ಇವರ ದಿನ ಶುರುವಾಗುವುದು ಹೀಗೆ.

ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಇದ್ದದ್ದು ಕೆಲವು ಹುಣಸೆಮರಗಳು ಮತ್ತು ಒಂದು ತಿಪ್ಪೆಗುಂಡಿ. ಕಾರ್ಖಾನೆಗಳು ಬಂದವು. ಅಲ್ಲಿ ದುಡಿಯುವವರಿಗೆ ಬಾಡಿಗೆ ಮನೆಗಳು ಎದ್ದವು. ಹಿಂದೆಯೇ ಒಂದು ಹೈಸ್ಕೂಲು, ಎರಡು ಬಟ್ಟೆ ಅಂಗಡಿ, ವಾರಕ್ಕೊಂದು ಸಂತೆ. ಬಿಳಿಗೆರೆ, ಹೆಡತಲೆ ಕಡೆಯ ಬಸ್ಸು, ಟೆಂಪೊಗಳೆಲ್ಲ ಇಲ್ಲೇ ನಿಲ್ಲತೊಡಗಿದವು. ಬೆಳಗಿನಿಂದ ಸಂಜೆವರೆಗೆ ಬಂದು ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ.

ಗುರುಬಸಮ್ಮ ಬಿಳಿಗೆರೆಯ ಸೊಸೆ. ಪತಿ ಶಂಭುಲಿಂಗಪ್ಪ ಬಾಳೆಕಾಯಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. 1994ರಲ್ಲಿ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವರು ಎದೆ ಹಿಡಿದುಕೊಂಡು ಕುಳಿತರು, ಮತ್ತೆ ಏಳಲಿಲ್ಲ. ಮಗಳು ಅರ್ಪಿತ ಆಗ ಆರನೇ ಕ್ಲಾಸು. ಮಂಡಿಯವರ ಪರಿಚಯ ಇದ್ದುದರಿಂದ ಗುರುಬಸಮ್ಮ ಪುಟ್ಟಬಾಳೆ, ಸಿಕ್ಕಿದ ದಿನ ರಸಬಾಳೆ ತಂದು ಸ್ಟಾಪಿನಲ್ಲಿ ಬುಟ್ಟಿ ಇಟ್ಟು ಕುಳಿತರು.

"ಯಾಪಾರ ಚೆನ್ನಾಗೇ ಇತ್ತು. ಆದ್ರೆ ಬೆಳಿಗ್ಗೆ ಮನೇಲಿ ಕುಡುದ್ ಕಾಪೀನೇ ಕೊನೆ. ನೀರು ಕುಡುದ್ರೆ ಎಲ್ಲಿಗೋಗೋದು? ಗಂಡುಸ್ರಿಗೇನು, ಯಾವ್ದೋ ಗೋಡೆ ಸಿಕ್ಕುದ್ರೆ ಸಾಕು. ನಾವೆಲ್ಲ ಬಾಯಿ ಒಣುಗುಸ್ಕೊಂಡು ಕೂತಿರ್ತಿದ್ದೊ."

ಒಂದು ಬೇಸಿಗೆ ಅವರಿಗೆ ಉರಿಮೂತ್ರ ಶುರುವಾಯಿತು. ಜ್ವರವೂ ಬಂತು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಮಾತ್ರೆ ಬರೆದು, ದಿನವೂ ಚೆನ್ನಾಗಿ ನೀರು ಕುಡಿಯಬೇಕು ಎಂದರು. "ಕುಡೀಬೌದು ಡಾಕ್ಟ್ರಮ್ಮ, ಆಮೇಲೆ?" ಎಂದರಂತೆ ಗುರುಬಸಮ್ಮ.

ಆ ಪ್ರಶ್ನೆಗೆ ಉತ್ತರ ಅವರ ಬುಟ್ಟಿಯ ಹಿಂದೆಯೇ ಇತ್ತು. ಯಾರೋ ಒಬ್ಬ ಕಂಟ್ರಾಕ್ಟರು ಕಟ್ಟಿ, ನೀರಿನ ಸಂಪರ್ಕ ಕೊಡದೆ ಬಿಟ್ಟುಹೋಗಿದ್ದ ಹೆಂಗಸರ ಶೌಚಾಲಯ ಅದು. ಬೀಗ ಬಿದ್ದಿತ್ತು. ಅಂಗಡಿಯವನೊಬ್ಬ ಬೀಗ ತೆಗೆಸಿಕೊಂಡು ಗೋಣಿಚೀಲ ತುಂಬಿಟ್ಟಿದ್ದ. ಗುರುಬಸಮ್ಮ ಮೈ ಹುಷಾರಾದ ಮೇಲೆ ಸಂಬಂಧಪಟ್ಟ ಅಧಿಕಾರಿಯ ಮುಂದೆ ಹೋಗಿ ನಿಂತರು. ನೋಡಿಕೊಳ್ಳಲು ಯಾರೂ ಮುಂದೆ ಬರುತ್ತಿಲ್ಲ, ಯಾರಾದರೂ ಒಪ್ಪಿಕೊಂಡರೆ ನೀರು ಕೊಡಿಸುತ್ತೇನೆ ಎಂದರು ಅವರು. "ನಾನೇ ಒಪ್ಕತೀನಿ ಸ್ವಾಮಿ" ಎಂದು ಬಾಯಿಂದ ಬಂದುಬಿಟ್ಟಿತು.

"ಬಿಸೀಲಿ ಅಂದ್ಬುಟ್ಟೆ. ಬೀದೀಗೆ ಬಂದ್ಮೇಲೆ ಅಯ್ಯೋ ಏನ್ ಒಪ್ಕೊಂಡ್ಬುಟ್ಟೆ ಅನ್ಕೊಂಡೆ," ಎಂದು ಅವರು ಈಗ ನಗುತ್ತಾರೆ.

ನಲ್ಲಿ ಬಂದ ದಿನ, ಅದು 1996, ಅವರು ಲೆಕ್ಕ ಹಾಕಿದ್ದು ಹೀಗೆ: ತಾನು ಬಾಗಿಲಲ್ಲಿ ಕುಳಿತು ಬಂದವರನ್ನು ನೋಡಿಕೊಳ್ಳುವುದು, ಬೀದಿ ಗುಡಿಸುವ ಮರಿತಾಯಮ್ಮನಿಗೆ ಏನಾದರೂ ಕೊಟ್ಟು ಒಳಗೆ ತೊಳೆಸುವುದು. ಮರಿತಾಯಮ್ಮ ಆಗಲೇ ಬಹಳ ವರ್ಷಗಳಿಂದ ಈ ಬೀದಿಯ ಪೌರಕಾರ್ಮಿಕರು. ಗುರುಬಸಮ್ಮ ವಿಷಯ ತೆಗೆದಾಗ ಅವರು ಪೊರಕೆ ನೆಲಕ್ಕೆ ಊರಿ ನಿಂತು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಬೀದಿ ನನ್ ಕೆಲ್ಸ, ಗುಡುಸ್ತೀನಿ. ಇದುನ್ನ ಒಪ್ಕೊಂಡು ಬಂದಿರೋಳು ನೀನು. ಪೊರಕೇನೂ ನೀನೇ ಇಡ್ಕೊ. ನಾನ್ಯಾಕೆ ಇಡೀಬೇಕು? ನಮ್ ಜಾತೀನೇ ಇಡೀಬೇಕು ಅಂತ ಬರ್ದದಾ?"

ಗುರುಬಸಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂದು ನೇರ ಮನೆಗೆ ಹೋದರು. "ಸಿಟ್ಟು ಬಂತು. ಸಿಟ್ಟಿಳುದ್ಮೇಲೆ ಯೋಚ್ನೆ ಮಾಡ್ದೆ. ಅವ್ಳು ಏಳಿದ್ರಲ್ಲಿ ತಪ್ಪೇನದೆ? ನಂಗೆ ಆಗ್ದಿದ್ ಕೆಲ್ಸ ಅವ್ಳಿಗ್ಯಾಕೆ ಆಗ್ಬೇಕು?" ಮಾರನೆಯ ಬೆಳಿಗ್ಗೆ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋದರು. ಹಿಂದಿನ ದಿನ ಬಂದು ಹೋದವರ ಗಲೀಜು ಹಾಗೇ ಇತ್ತು; ವಾಂತಿ ಮಾಡಿಕೊಂಡು ಹೊರಗೆ ಬಂದರು. ಮರಿತಾಯಮ್ಮ ಇದನ್ನೆಲ್ಲ ಬೀದಿಯಿಂದ ನೋಡುತ್ತಿದ್ದರು. "ಅಂಗಲ್ಲ ಕಣಕ್ಕ" ಎಂದು ಒಳಗೆ ಬಂದು, ಬ್ಲೀಚಿಂಗ್ ಪೌಡರು ಹಾಕಿ ಎಷ್ಟು ಹೊತ್ತು ಬಿಡಬೇಕು, ಪೊರಕೆಯನ್ನು ಯಾವ ಕಡೆಯಿಂದ ಎಳೆಯಬೇಕು ಎಂದು ತೋರಿಸಿಕೊಟ್ಟರು. ತೋರಿಸಿದ್ದಷ್ಟೇ, ತೊಳೆದುಕೊಡಲಿಲ್ಲ.

ಸುದ್ದಿ ಬಿಳಿಗೆರೆ ಮುಟ್ಟಲು ತಡವಾಗಲಿಲ್ಲ. ಮೈದುನ ಮಹದೇವ ಬಂದರು. "ಕತ್ನಲ್ಲಿ ಲಿಂಗ ಕಟ್ಕೊಂಡು ಮಾಡೋ ಕೆಲ್ಸವಾ ಅತ್ತಿಗ್ಯಮ್ಮ ಇದು? ನಮ್ ಮನೆತನದ ಮಕ ಏನಾಗ್ಬೇಕು?" ಎಂದು ಬೀದಿಗೆ ಕೇಳುವಂತೆ ಕೂಗಾಡಿದರು. ಗುರುಬಸಮ್ಮ ಕೈ ತೊಳೆದುಕೊಂಡು ಬಂದು ಹೇಳಿದ್ದು ಒಂದೇ ಮಾತು: "ಲಿಂಗ ಕಟ್ಟಿರೋ ಮೈಗೆ ಮೈಲಿಗೆ ಇಲ್ಲ ಅಂತ ಮಠದ್ ಅಯ್ನೋರು ಏಳ್ವಾಗ ನೀವೂ ಪಕ್ಕದಲ್ಲೇ ಕೂತಿದ್ರಲ್ಲಪ್ಪ?"

ಮಹದೇವ ಹೊರಟುಹೋದರು. ಆ ವರ್ಷ ಅವರ ಮನೆಯ ಮದುವೆಗೆ ಗುರುಬಸಮ್ಮನಿಗೆ ಲಗ್ನಪತ್ರಿಕೆ ಬರಲಿಲ್ಲ. ಅದು ನೋವಾಯಿತು. ಅದಕ್ಕಿಂತ ನೋವಾದದ್ದು ಮಗಳು ದೂರ ಸರಿದದ್ದು. ಸ್ಕೂಲಿನಲ್ಲಿ ಅರ್ಪಿತಳನ್ನು ಕೆಲವರು "ಕಕ್ಕಸ್ಮನೆ" ಎಂದು ಕರೆಯತೊಡಗಿದ್ದರು. "ಸ್ಟಾಪಿನ ಮುಂದೆ ಹೋಗುವಾಗ ಅಮ್ಮನನ್ನು ಕಾಣದವಳಂತೆ ಆ ಕಡೆ ತಿರುಗಿಕೊಂಡು ಹೋಗುತ್ತಿದ್ದೆ," ಎನ್ನುತ್ತಾರೆ ಅರ್ಪಿತ. ಈಗ ಅವರು ಚಿಕ್ಕಯ್ಯನಛತ್ರದ ಕಡೆಯ ಒಂದು ಶಾಲೆಯಲ್ಲಿ ಟೀಚರು.

ಮುಂದಿನ ಬೇಸಿಗೆಯಲ್ಲಿ ಹುಣಸೆತೋಪಿಗೆಲ್ಲ ನೀರಿನ ತೊಂದರೆ ಬಂತು. ಸ್ಕೂಲಿನ ನಲ್ಲಿಯೂ ನಿಂತಿತು. ಗುರುಬಸಮ್ಮ ಮಾತ್ರ ಹಿಂದಿನ ದಿನವೇ ಡ್ರಮ್ಮುಗಳಲ್ಲಿ ನೀರು ತುಂಬಿಟ್ಟಿರುತ್ತಿದ್ದರು. ಪರೀಕ್ಷೆಯ ದಿನಗಳವು. ಅರ್ಪಿತಳ ಕ್ಲಾಸಿನ ಹುಡುಗಿಯೊಬ್ಬಳು, ಅಡ್ಡಹೆಸರು ಕರೆಯುತ್ತಿದ್ದವರಲ್ಲಿ ಅವಳೇ ಮುಂದು, ಪರೀಕ್ಷೆ ಮುಗಿಸಿ ಏಳುವಷ್ಟರಲ್ಲಿ ಲಂಗವೆಲ್ಲ ಕೆಂಪಾಗಿತ್ತು. ಮೊದಲ ಸಲ. ಹೆದರಿ ಅಳುತ್ತಿದ್ದ ಅವಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಯಾರಿಗೂ ತೋಚದಿದ್ದಾಗ ಅರ್ಪಿತಳೇ ಕೈಹಿಡಿದು ಅಮ್ಮನ ಬಳಿಗೆ ತಂದಳು. ಗುರುಬಸಮ್ಮ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ತೊಳೆಸಿ, ಬಟ್ಟೆ ಕೊಟ್ಟು, ಹೇಗೆಂದು ಹೇಳಿಕೊಟ್ಟು, ತಮ್ಮ ಸೀರೆಯೊಂದನ್ನು ಸುತ್ತಿ ಮನೆಗೆ ಬಿಟ್ಟು ಬಂದರು. ಯಾರ ಮಗಳೆಂದೂ ಕೇಳಲಿಲ್ಲ.

"ಅವತ್ತು ಸಂಜೆ ಅಮ್ಮನ ಜೊತೆಗೇ ಮನೆಗೆ ಹೋದೆ. ದಾರಿಯಲ್ಲಿ ಅವರ ಕೈಯಲ್ಲಿದ್ದ ಬಕೆಟ್ಟು ಇಸಕೊಂಡೆ, ಅಷ್ಟೇ," ಎನ್ನುತ್ತಾರೆ ಅರ್ಪಿತ.

ಕಾಲ ಸರಿಯಿತು. ಬಾಳೆಹಣ್ಣಿನ ಬುಟ್ಟಿಯೂ ಉಳಿಯಿತು, ಶೌಚಾಲಯವೂ ಉಳಿಯಿತು. ಬೀದಿಗೆ ಟಾರು ಬಂತು, ಕಂಬಗಳಿಗೆ ಟ್ಯೂಬ್‌ಲೈಟು ಬಂತು. 2002ರಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗ ಶೌಚಾಲಯದ ಗೋಡೆಯ ಮೇಲೂ ಕೆಂಪು ಬಣ್ಣದ ಗುರುತು ಬಿತ್ತು. ಕೆಡವಿದ ಮೇಲೆ ಮತ್ತೆ ಕಟ್ಟುತ್ತೀರಾ ಎಂದು ಕೇಳಿದರೆ ಯಾರೂ ಖಚಿತವಾಗಿ ಹೇಳಲಿಲ್ಲ. ಗುರುಬಸಮ್ಮ ಕಚೇರಿಗೆ ಅಲೆದರು, ನೋಡೋಣ ಎನ್ನುವ ಮಾತಷ್ಟೇ ಸಿಕ್ಕಿತು.

ಸಂತೆಯ ದಿನ ಬೆಳಿಗ್ಗೆ ಜೆಸಿಬಿ ಬಂದೇಬಿಟ್ಟಿತು. ಬಂದದ್ದು ಶೌಚಾಲಯದ ತನಕ ಹೋಗಲಿಲ್ಲ. ನಡುರಸ್ತೆಯಲ್ಲಿ ಮರಿತಾಯಮ್ಮನ ಕಸದ ತಳ್ಳುಗಾಡಿ ಅಡ್ಡ ನಿಂತಿತ್ತು. ಡ್ರೈವರು ಹಾರ್ನ್ ಒತ್ತಿದ. ಮರಿತಾಯಮ್ಮ ನಿಂತ ಜಾಗದಿಂದ ಕದಲಲಿಲ್ಲ.

"ಗಾಡಿ ಕೆಟ್ಟೋಗದೆ ಸಾ. ಚಕ್ರ ತಿರುಗ್ನಿಲ್ಲ," ಎಂದರು.

"ಈಗ ತಾನೆ ತಳ್ಕೊಂಡು ಬಂದ್ಯಲ್ಲಮ್ಮ?"

"ಈಗ ತಾನೇ ಕೆಟ್ಟೋಯ್ತು."

ಆ ಹೊತ್ತಿಗೆ ಸೊಪ್ಪಿನವರು, ಹೂವಿನವರು, ಹೈಸ್ಕೂಲಿನ ಹುಡುಗಿಯರು, ಇಬ್ಬರು ಟೀಚರುಗಳು ಶೌಚಾಲಯದ ಮುಂದೆ ಸೇರಿಬಿಟ್ಟಿದ್ದರು. ಮಂಕರಿಗಳನ್ನು ಸಾಲಾಗಿ ಇಟ್ಟು ಅಲ್ಲೇ ವ್ಯಾಪಾರಕ್ಕೆ ಕುಳಿತರು. ಕೂಗಾಟವಿಲ್ಲ, ಘೋಷಣೆಯಿಲ್ಲ. ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿಳಿದಾಗ ಸೊಪ್ಪು ಮಾರುವ ಹೆಡತಲೆಯ ಚಾಮುಂಡಮ್ಮ ಎದ್ದು ನಿಂತರು. "ರೋಡು ಅಗಲ ಆಗ್ಲಿ ಸಾ, ಬ್ಯಾಡ ಅನ್ನಕಿಲ್ಲ. ನಾವೂ ಅದ್ರಲ್ಲೇ ಓಡಾಡೋರು. ಇದು ಓದ್ರೆ ನಾವ್ ಎಲ್ಲಿಗೋಗಾದು, ಅಷ್ಟ್ ಏಳ್ಬುಡಿ."

ಸುತ್ತ ನೆರೆದಿದ್ದ ಗಂಡಸರೂ ತಲೆ ತಗ್ಗಿಸಿದರಂತೆ. ಇಷ್ಟು ಹೆಂಗಸರು ನಡುಬೀದಿಯಲ್ಲಿ ಈ ಮಾತು ಎತ್ತುತ್ತಾರೆಂದು ಯಾರೂ ಎಣಿಸಿರಲಿಲ್ಲ. ಗುರುಬಸಮ್ಮ ಮುಂದೆ ಬಂದು ಹೇಳಿದರು: "ಇನ್ನೊಂದ ಕಟ್ಟಿ ಸ್ವಾಮಿ. ಅದ್ರಲ್ಲಿ ನೀರು ಬರ್ಲಿ. ಆಮೇಲೆ ಇದುನ್ನ ಕೆಡವಿ. ನಾನೇ ನಿಂತು ಕೆಡವುಸ್ತೀನಿ." ಅಧಿಕಾರಿ ಜೆಸಿಬಿಯನ್ನು ಹಿಂದಕ್ಕೆ ಕಳಿಸಿದರು. ಮಾತು ಕೊಟ್ಟರು, ಮಾತಿನಂತೆ ನಡೆದುಕೊಂಡರು. ಮರುವರ್ಷ ಈಗಿರುವ ಹಳದಿ ಕಟ್ಟಡ ಎದ್ದಿತು. ಗೋಡೆಗೆ ಟೈಲ್ಸು, ಮೇಲೊಂದು ಟ್ಯಾಂಕು, ಮುದುಕಿಯರಿಗೆ ಹಿಡಿದುಕೊಳ್ಳಲು ಕಂಬಿ, ಪ್ರತಿ ಕೋಣೆಗೂ ಒಂದು ಬಲ್ಬು. ಹಳೆಯದನ್ನು ಕೆಡವುವಾಗ ಗುರುಬಸಮ್ಮ ನಿಂತು ನೋಡಿದರು. ಕಣ್ಣಲ್ಲಿ ನೀರು ಬಂತೇ ಎಂದರೆ, "ಯಾಕ್ ಬಂದಾತು? ಅದ್ರ ಚಿಲ್ಕ ಎಷ್ಟ್ ಕಾಟ ಕೊಟ್ಟದೆ ಗೊತ್ತಾ?" ಎನ್ನುತ್ತಾರೆ.

ಈಗ ಸಾಧಾರಣ ದಿನ ಇನ್ನೂರು ಮಂದಿ ಬರುತ್ತಾರೆ. ಸಂತೆಯ ದಿನ ಲೆಕ್ಕ ತಪ್ಪುತ್ತದೆ. ದಿನಕ್ಕೆ ನಾಲ್ಕು ಸಲ ತೊಳೆಯುವುದು. ಊರು ಬಿಟ್ಟು ಹೋಗುವುದು ಅಪರೂಪ. ಕೈಬೆರಳ ಸಂದಿನಲ್ಲಿ ಆಸಿಡ್ಡಿನಿಂದಾದ ಬಿರುಕುಗಳಿವೆ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮಹದೇವ ಮೊನ್ನೆ ಯುಗಾದಿಗೆ ಹೆಂಡತಿ ಜೊತೆ ಬಂದು ಊಟ ಮಾಡಿ ಹೋದರು.

ಮಧ್ಯಾಹ್ನ ಗುರುಬಸಮ್ಮ, ಮರಿತಾಯಮ್ಮ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಾರೆ. "ಮೊದ್ಮೊದ್ಲು ಅಲ್ಲಿ ದೂರ್ದಲ್ಲಿ ಕೂತ್ಕತಿದ್ಳು. ಈಗ ನನ್ ಡಬ್ಬೀಗೇ ಕೈ ಆಕ್ತಾಳೆ," ಎಂದು ಮರಿತಾಯಮ್ಮ ದೂರುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ: "ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡಿ. ನಾನು, ನಮ್ಮವ್ವ, ನಮ್ಮಜ್ಜಿ ಎಲ್ರೂ ಇದೇ ಮಾಡ್ದೊ. ಒಬ್ರಾರೂ ಪೇಪರ್ಗೆ ಆಕ್ಲಿಲ್ಲ. ಈವಮ್ಮ ಮಾಡುದ್ರೆ ಸುದ್ದಿ, ಅಲ್ವಾ?"

ಗುರುಬಸಮ್ಮ ಮುದ್ದೆ ಮುರಿಯುತ್ತ, "ದಿಟವೇ ಏಳ್ತಾವ್ಳೆ. ಅವ್ಳ ಎಸ್ರೂ ಬರ್ಕೊಳಿ, ಪೋಟಾನೂ ತಗೀರಿ. ನಂಗೆ ಪೊರಕೆ ಇಡ್ಯೋದು ಕಲ್ಸಿದೋಳು ಅವ್ಳೇ," ಎನ್ನುತ್ತಾರೆ. ಮರಿತಾಯಮ್ಮ ಕೂದಲು ಸರಿಮಾಡಿಕೊಳ್ಳುತ್ತಾರೆ.

ಹೊರಡುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಗುರುಬಸಮ್ಮನನ್ನು ಕೇಳುತ್ತೇನೆ. ಅವರು ಸ್ಟಾಪಿನ ಪಕ್ಕದ ಬೇವಿನ ಮರದ ಕೆಳಗಿನ ನೆರಳಿನತ್ತ ಕೈ ತೋರಿಸುತ್ತಾರೆ. ಅಲ್ಲಿ ಬೆಳಗಿನ ಬಸ್ಸಿನಲ್ಲಿ ಬಂದ ಹೆಂಗಸರು ವ್ಯಾಪಾರ ಮುಗಿಸಿಯೂ ಹೋಗದೆ ನಿಂತು ನಗುತ್ತ ಮಾತಾಡುತ್ತಿದ್ದಾರೆ.

"ಮೊದ್ಲು ಇವ್ರೆಲ್ಲ ಸಿಕ್ಕಿದ್ ರೇಟ್ಗೆ ಮಾರ್ಬುಟ್ಟು, ಸಿಕ್ಕಿದ್ ಬಸ್ ಅತ್ಕೊಂಡು ಓಡೋಗೋರು. ಮನೆ ಸೇರ್ಕಂಡ್ರೆ ಸಾಕಪ್ಪ ಅಂತ. ಈಗ ನೋಡಿ, ಗಾಜಿನ್ ಬಳೆ ತೊಟ್ಕೋತಾರೆ, ಟೀ ಕುಡೀತಾರೆ, ಅರ್ಧ ದಿನ ಮಾತಾಡ್ಕೊಂಡ್ ನಿಂತ್ಕೋತಾರೆ. ಅಲ್ಲೊಂದು ಕಲ್ಬೆಂಚು ಆಕ್ಸಿ ಅಂತ ಬರೀರಿ ಕಣವ್ವ. ಕೂತ್ಕೊಂಡು ಮಾತಾಡ್ಲಿ. ಈಗೇನ್ ಅವ್ರಿಗೆ ಅವಸ್ರ?"