ಕೆಂಪಪ್ಪ ಅಳೆದ ಹದಿನಾಲ್ಕು ಅಡಿ

ತಾಳಗುಂದದಲ್ಲಿ ಬದುವಿನ ಜಗಳ ಎದ್ದರೆ ಸರ್ವೆಯವರಿಗಿಂತ ಮೊದಲು ಕೆಂಪಪ್ಪನಿಗೆ ಕರೆ ಹೋಗುತ್ತಿತ್ತು. ಚಪ್ಪಲಿ ಬಿಟ್ಟು, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಡೆದು, ಮನಸ್ಸಿನಲ್ಲೇ ಎಣಿಸಿ ಒಂದು ಅಂಕಿ ಹೇಳಿದನೆಂದರೆ ಮುಗಿಯಿತು. ಅದನ್ನು ಮತ್ತೆ ಅಳೆಯುವ ಉಸಾಬರಿಗೆ ಯಾರೂ ಹೋಗುತ್ತಿರಲಿಲ್ಲ. ಅರವತ್ತು ದಾಟಿದ ಈ ಮನುಷ್ಯನಿಗೆ ಇದ್ದದ್ದು ಮೂರು ಎಕರೆ ಹೊಲ ಮತ್ತು ಈ ಹೆಸರು. ಹೊಲಕ್ಕಿಂತ ಹೆಸರಿನ ಮೇಲೇ ಮಮಕಾರ ಜಾಸ್ತಿ.

ಕೊಯ್ಲಿನ ಕಾಲಕ್ಕೆ ಊರಿನ ಡಾಂಬರು ರಸ್ತೆಯೇ ಎಲ್ಲರ ಕಣ. ಇಪ್ಪತ್ತೊಂದು ಅಡಿಯಲ್ಲಿ ಏಳು ಅಡಿ ಮೆಕ್ಕೆಜೋಳಕ್ಕೆ, ಹದಿನಾಲ್ಕು ಅಡಿ ಗಾಡಿಗಳಿಗೆ, ನಡುವೆ ಸಾಲುಗಲ್ಲು. ಕಾನೂನು ಒಪ್ಪದಿದ್ದರೂ ಊರು ಒಪ್ಪಿದ್ದ ಈ ಲೆಕ್ಕ ಹಾಕಿಕೊಟ್ಟವನೂ ಕೆಂಪಪ್ಪನೇ. ಆ ವರ್ಷ ಅವನ ಜೋಳ ಚೆನ್ನಾಗಿ ಬಂದಿತ್ತು. ಬೆಳಿಗ್ಗೆ ಹರವುವಾಗ ಜಾಗ ಸಾಲದೆ ತನ್ನ ಕಲ್ಲುಗಳನ್ನು ಕಾಲಿನಿಂದಲೇ ಮೂರಡಿ ಆಚೆ ತಳ್ಳಿದ. ಕಂಡವಳು ಹೆಂಡತಿ ತಿಮ್ಮಮ್ಮ ಒಬ್ಬಳೇ.

ಹತ್ತು ಗಂಟೆಗೆ ಅದೇ ಕಲ್ಲುಗಳ ಪಕ್ಕ ಎರಡು ಕಾರು ಎದುರುಬದುರು ಬಂದು ತಾಗಿದವು. ಯಾರಿಗೂ ಪೆಟ್ಟಾಗಲಿಲ್ಲ, ಒಂದರ ದೀಪ, ಇನ್ನೊಂದರ ಬಂಪರು ಹೋಯಿತು. ಒಂದು ಕಾರು ಶಿಕಾರಿಪುರದ ಹೇಮಂತ್ ಎಂಬ ನೌಕರನದು. ಜೋಳದ ಮಗ್ಗುಲಿನಿಂದ ಬಂದ ಇನ್ನೊಂದನ್ನು ಓಡಿಸುತ್ತಿದ್ದವನು ಇದೇ ಊರಿನ ಚೌಡೇಶ್. ಕಾರು ಶಿರಾಳಕೊಪ್ಪದ ಸಾಹುಕಾರನದು. ತಪ್ಪು ನಿನ್ನದಾದರೆ ಕೀಲಿ ಇಟ್ಟು ಮನೆಗೆ ಹೋಗು ಅಂತ ಸಾಹುಕಾರ ಫೋನಿನಲ್ಲೇ ಖಡಾಖಂಡಿತ ಹೇಳಿದ್ದ. ರಸ್ತೆ ಇಕ್ಕಟ್ಟಿತ್ತು ಅಂತ ಚೌಡೇಶ್, ಜಾಗ ಬೇಕಾದಷ್ಟಿತ್ತು ಅಂತ ಹೇಮಂತ್. ಕೆಂಪಪ್ಪಣ್ಣ ಅಳೆಯಲಿ ಅಂದವನು ಚೌಡೇಶನೇ.

ಕೆಂಪಪ್ಪ ಚಪ್ಪಲಿ ಬಿಟ್ಟು ಅಳೆದ. ಹನ್ನೊಂದನೇ ಅಡಿಗೆ ಡಾಂಬರು ಮುಗಿಯಿತು. ಸುತ್ತ ನಿಂತವರ ಮುಖ ನೋಡಿದ. ಕಲ್ಲು ತಳ್ಳಿದವನು ನಾನೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಹದಿನಾಲ್ಕೈತಿ," ಎಂದ. "ಎರಡು ಕಾರಿಗೆ ಸಾಕು. ಚೌಡೇಶ, ನೀನೇ ಅಡ್ಡ ಬಂದೀಯ."

ಚೌಡೇಶ್ ಒಮ್ಮೆ ರಸ್ತೆ ನೋಡಿದ, ಒಮ್ಮೆ ಕೆಂಪಪ್ಪನ ಪಾದ ನೋಡಿದ. ತನ್ನ ಕಣ್ಣೇ ಮೋಸ ಮಾಡಿರಬೇಕು ಅಂದುಕೊಂಡು ತಲೆ ತಗ್ಗಿಸಿದ. ಅವತ್ತೇ ಕೀಲಿ ಒಪ್ಪಿಸಿ ಬಂದ. ಜನ ಚದುರಿದ ಮೇಲೆ ತಿಮ್ಮಮ್ಮ ಜೋಳವನ್ನು ಹಿಂದಕ್ಕೆ ಎಳೆದು, ಕಲ್ಲುಗಳನ್ನು ಮೊದಲಿನ ಜಾಗಕ್ಕೆ ಇಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದೀಚೆಗೆ ಯಾರು ಅಳೆಯಲು ಕರೆದರೂ ಕೆಂಪಪ್ಪ ಮಂಡಿನೋವು ಅನ್ನುತ್ತಿದ್ದ. ಚೌಡೇಶ್ ಎದುರಾದರೆ ಓಣಿ ಬದಲಿಸುತ್ತಿದ್ದ. ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಯುಗಾದಿ ಕಳೆದ ಮೇಲೆ ಚೌಡೇಶನೇ ಬಾಗಿಲಿಗೆ ಬಂದ. ಮತ್ತೆ ಯಾರೂ ಅವನ ಕೈಗೆ ಗಾಡಿ ಕೊಟ್ಟಿರಲಿಲ್ಲ. ಇದ್ದ ಅರ್ಧ ಎಕರೆಯೇ ಗತಿ, ಅದಕ್ಕೂ ಅಣ್ಣನ ಜೊತೆ ಬದುವಿನ ತಕರಾರು.

"ಬ್ಯಾರೆ ಯಾರ ಅಳತೆನೂ ನಂಗೆ ಬ್ಯಾಡ್ರಿ," ಎಂದ. "ಅವತ್ತು ನಮ್ಮೂರೋನು ಅಂತ ನೋಡ್ದೆ ನ್ಯಾಯ ಹೇಳಿದ್ರಿ. ನಿಮ್ಮ ಪಾದ ಸುಳ್ಳು ಹೇಳಲ್ಲ."

"ಹನ್ನೊಂದು," ಎಂದ ಕೆಂಪಪ್ಪ, ಮೆಲ್ಲಗೆ.

"ಏನ್ರಿ ಹನ್ನೊಂದು?"

ಹೊಸ್ತಿಲಲ್ಲಿ ತಿಮ್ಮಮ್ಮ ನಿಂತಿದ್ದಳು. ಕೆಂಪಪ್ಪ ನೆಲ ನೋಡಿದ.

"ನಾಳೆ ಹನ್ನೊಂದು ಗಂಟೆಗೆ ಬರ್ತೀನಿ ಅಂದೆ."

ತಿಮ್ಮಮ್ಮ ಒಳಗೆ ಹೋದಳು.