ಓಟದ ಮೈದಾನದ ಮೃತ್ತಿಕೆ

ಉಂಡ ಅನ್ನ, ಕಲಿತ ಅಕ್ಷರ, ಕಾಗಿಣಾ ಹೊಳೆಯ ನೀರು, ಈ ಮೂರನ್ನೂ ಯೋಗ್ಯತೆ ನೋಡದೆ ಕೊಟ್ಟ ಶ್ರೀಹರಿಗೂ, ನನ್ನ ಮುಖವನ್ನು ಅವನತ್ತ ತಿರುಗಿಸಿದ ಗುರುಗಳಿಗೂ ಮೊದಲು ನಮಸ್ಕಾರ. ಒಂದು ಚಿಟಿಕೆ ಮಣ್ಣಿನ ಸಂಗತಿಯನ್ನು ಬರೆಯುವಷ್ಟು ನೆನಪನ್ನು ಈ ವಯಸ್ಸಿನಲ್ಲಿ ಉಳಿಸಿರುವುದೂ ಅವರ ಕೃಪೆಯೇ.

ಸೇಡಂ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಂಸ್ಕೃತ ಕಲಿಸುತ್ತಿದ್ದೆ. ವ್ಯಾಯಾಮ ಕಲಿಸುತ್ತಿದ್ದವರು ಕುರಕುಂಟಾದ ಲಿಂಗಾಯತ ಗೃಹಸ್ಥರೊಬ್ಬರು. ಊರಿಗೆಲ್ಲ ಡ್ರಿಲ್ ಮಾಸ್ತರರು. ಪ್ರತಿವರ್ಷ ಕ್ರೀಡಾದಿನದ ಮುನ್ನಾದಿನ ಅವರು ಮೈದಾನದ ಕಲ್ಲುಗಳನ್ನು ತಾವೇ ಆರಿಸಿ, ಸುಣ್ಣದ ಪುಡಿಯಿಂದ ಓಟದ ಪಥ ಎಳೆಯುತ್ತಿದ್ದರು. ಮಕ್ಕಳು ಅದನ್ನು ಎಡಕ್ಕೆ ಸುತ್ತುವುದು ನನ್ನ ಕಣ್ಣಿಗೆ ಒಗ್ಗುತ್ತಿರಲಿಲ್ಲ. ಇದು ಅಪ್ರದಕ್ಷಿಣೆಯಲ್ಲವೆ ಎಂದು ಒಮ್ಮೆ ಕೇಳಿಯೂ ಇದ್ದೆ.

“ಆಚಾರ್ರ, ನಡುವ ದೇವರಿಲ್ಲರಿ. ಬರೇ ಹೆಡ್‌ಮಾಸ್ತರ ಕುರ್ಚಿ ಅದ,” ಎಂದಿದ್ದರು.

ಎರಡು ಸಾವಿರದ ಇಸವಿಯ ಈಚೆಗೆ, ನಾನು ನಿವೃತ್ತನಾಗಿ, ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದಾಗ, ಜರ್ಮನ್ ದೇಶದ ಒಂದು ವಿದ್ವತ್ಸಭೆಯಿಂದ ನನಗೆ ಕರೆ ಬಂತು. ಸಮುದ್ರ ದಾಟುವ ದೋಷಕ್ಕೆ ಪ್ರಾಯಶ್ಚಿತ್ತವೇನೆಂದು ಮೊದಲೇ ಕೇಳಿಕೊಂಡು ಹೊರಡಲು ಒಪ್ಪಿದೆ. ಹಿಂದೆ ಜಗತ್ತಿನ ಕ್ರೀಡಾಕೂಟ ನಡೆದ ಪಟ್ಟಣವದು ಎಂದು ಕೇಳಿದ್ದೇ ತಡ, ಡ್ರಿಲ್ ಮಾಸ್ತರರು ಮನೆಗೆ ಬಂದರು. ಯೌವನದಲ್ಲಿ ಅವರೂ ಓಟಗಾರರು. ಜಿಲ್ಲೆಯ ಆಚೆಗೆ ಓಡುವ ಯೋಗ ಬರಲಿಲ್ಲ.

“ಮಳಖೇಡಕ್ಕ ಹೋದಾಗೆಲ್ಲಾ ಗುರುಗಳ ವೃಂದಾವನದ ಮೃತ್ತಿಕಾ, ಆ ಪವಿತ್ರ ಮಣ್ಣು, ತರ್ತೀರಿಲ್ಲ? ಹಂಗ ಆ ಮೈದಾನದ್ದು ಒಂದು ಚಿಟಿಗಿ ತರ್ರಿ. ದುನಿಯಾದ ಓಟಗಾರರು ತುಳಿದ ಮಣ್ಣು. ನನ್ನ ಕಡೀ ಕ್ರೀಡಾದಿನಕ್ಕ ಗೆರಿ ಮ್ಯಾಲ ಹಾಕ್ತೀನಿ.”

ಮಾತು ಕೊಟ್ಟೆ.

ಸಭೆ ಮುಗಿದ ಮರುದಿನ, ಅಲ್ಲಿ ಸಂಸ್ಕೃತ ಕಲಿಸುವ ವಿದುಷಿಯೊಬ್ಬರು ನನ್ನನ್ನು ಕರೆದೊಯ್ದರು. ನಮ್ಮಿಬ್ಬರಿಗೂ ತಿಳಿದ ಭಾಷೆ ಅದೊಂದೇ. ಟ್ರಾಮಿನಿಂದ ಇಳಿದಾಗ ಕಂಡದ್ದು ಒಂದು ಉದ್ಯಾನ. ಕೆರೆಯಲ್ಲಿ ಬಾತುಕೋಳಿಗಳು, ಅದರಾಚೆ ಹುಲ್ಲು ಮುಚ್ಚಿದ ಒಂದು ಗುಡ್ಡ, ಹುಲ್ಲಿನ ಮೇಲೆ ಅಂಗಿ ಕಳಚಿ ಮಲಗಿದ ಗೃಹಸ್ಥರು, ಕೂಸಿನ ಗಾಡಿ ತಳ್ಳುವ ತಾಯಂದಿರು, ಕೋಲೂರಿ ನಡೆಯುವ ವೃದ್ಧರು. ಕ್ರೀಡಾಂಗಣ ಎಲ್ಲಿ ಎಂದು ಮೂರು ಬಾರಿ ಕೇಳಿದೆ. ನಾವು ನಿಂತಿರುವುದೇ ಅದರಲ್ಲಿ ಎಂದು ಮೂರು ಬಾರಿಯೂ ಅವರು ಹೇಳಿದರು. ನನಗೆ ದಿಕ್ಕೇ ತಿಳಿಯಲಿಲ್ಲ.

ಕೊನೆಗೆ ಓಟದ ಪಥವನ್ನು ತೋರಿಸಿದರು. ಕೆಂಪಗಿತ್ತು. ನಮ್ಮ ಕಡೆಯ ಕೆಂಪು ಮರಂ ಮಣ್ಣೇ ಎಂದುಕೊಂಡು, ನಮಸ್ಕರಿಸಿ, ಬಾಗಿ ಉಗುರಿನಿಂದ ಕೆರೆದೆ. ಉಗುರು ಜಾರಿತು.

“ಮಣ್ಣು ಎಲ್ಲಿ?”

“ಇಲ್ಲಿ ಮಣ್ಣಿಲ್ಲ.” ರಬ್ಬರಿಗೆ ಸಂಸ್ಕೃತ ಪದ ಅವರಿಗೂ ತೋಚಲಿಲ್ಲ, ನನಗೂ. ತಮ್ಮ ಪಾದರಕ್ಷೆಯ ಅಟ್ಟೆಯನ್ನು ತಟ್ಟಿ, “ಇದರ ಮೇಲೆ ಓಡಿದರು,” ಎಂದರು.

“ಆ ಹುಲ್ಲಿನ ಕೆಳಗಿನದು?”

“ಬೇರೆಲ್ಲಿಂದಲೋ ತಂದದ್ದು.”

“ಆ ಗುಡ್ಡ?”

“ಯುದ್ಧದಲ್ಲಿ ಬಿದ್ದ ಮನೆಗಳು. ಎಲ್ಲವನ್ನೂ ಅಲ್ಲಿ ತಂದು ಸುರಿದರು. ಆಮೇಲೆ ಹುಲ್ಲು ಬೆಳೆಯಿತು.”

ಓಡಿದವರು ಮಣ್ಣನ್ನು ತುಳಿಯಲಿಲ್ಲ. ಮಣ್ಣಿದ್ದಲ್ಲಿ ಯಾರೂ ಓಡಲಿಲ್ಲ. ಹಾಗಾದರೆ ಇಲ್ಲಿ ಮೃತ್ತಿಕೆ ಎನ್ನುವುದು ಯಾವುದನ್ನು? ಯಾವ ಮಣ್ಣು ಕೊಟ್ಟರೂ ಡ್ರಿಲ್ ಮಾಸ್ತರರು ನಂಬುತ್ತಿದ್ದರು. ಅದೇ ನನ್ನನ್ನು ಹೆದರಿಸಿತು. ಕೊನೆಗೆ ಗುಡ್ಡವನ್ನೇರುವ ದಾರಿಯಲ್ಲಿ, ಜನ ನಡೆದು ಸವೆದ ಕಡೆಯಿಂದ ಒಂದು ಚಿಟಿಕೆ ತೆಗೆದು ಗೋಪೀಚಂದನದ ಖಾಲಿ ಡಬ್ಬಿಯಲ್ಲಿ ಹಾಕಿಕೊಂಡೆ. ಮಾಡಿದ್ದು ಸರಿಯೋ ಅಲ್ಲವೋ ವಿಮಾನದಲ್ಲಿಯೂ ತಿಳಿಯಲಿಲ್ಲ.

ಊರಿಗೆ ಬಂದು ಡಬ್ಬಿಯನ್ನು ಅವರ ಕೈಯಲ್ಲಿಟ್ಟು, “ಮಾಸ್ತರ, ಇದು ಓಟಗಾರರು ತುಳಿದದ್ದಲ್ಲ. ಅವರು ಓಡಿದ್ದು ರಬ್ಬರಿನ ಮ್ಯಾಲ. ಇದು ಬಿದ್ದ ಮನಿಗಳ ಮಣ್ಣು,” ಎಂದೆ.

ಅವರು ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಿ ನೋಡಿದರು.

“ರಬ್ಬರ್ ಅಂದ್ರ ಕಲ್ಲು ಆರಿಸೂ ತ್ರಾಸೇ ಇಲ್ಲ ಅನ್ರಿ.” ಮುಚ್ಚಳ ಹಾಕಿದರು. “ಈಗ ಅಲ್ಲಿ ಯಾರು ಓಡ್ತಾರ?”

“ಪಂದ್ಯ ಕಾಣಲಿಲ್ಲ. ಮುದುಕರು ನಡೀತಾರ. ತಾಯಂದಿರು ಕೂಸಿನ ಗಾಡಿ ತಳ್ಳಕೋತ ಹೋಗ್ತಾರ.”

“ಅಷ್ಟು ದೊಡ್ಡ ಮೈದಾನದಾಗ?”

“ಹೌದು.”

ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು ಎದ್ದು ಹೋದರು. ಅವರಿಗೆ ನೋವಾಯಿತೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರ ಕೊನೆಯ ಕ್ರೀಡಾದಿನಕ್ಕೆ ಹೋದೆ. ಓಟಗಳೆಲ್ಲ ಮುಗಿದವು, ಡಬ್ಬಿ ಹೊರಬರಲಿಲ್ಲ. ಬಹುಮಾನ ಹಂಚಿಯಾಯಿತು. ಕೊಟ್ಟ ಮಾತು ಅಲ್ಲಿಗೆ ಮಣ್ಣಾಯಿತೆಂದು ನಾನು ಏಳುವಷ್ಟರಲ್ಲಿ ಅವರು ಅರ್ಧ ಅಳಿಸಿಹೋದ ಸುಣ್ಣದ ಗೆರೆಯ ಬಳಿಗೆ ಹೋಗಿ, ಬಾಗಿ, ಆ ಚಿಟಿಕೆಯನ್ನು ಉದುರಿಸಿದರು. ಆಮೇಲೆ ಮೈಕು ಹಿಡಿದರು.

“ತಾಯಂದಿರು, ಹಿರಿಯರು, ಎಲ್ಲಾರೂ ಬರ್ರಿ. ಒಂದು ಸುತ್ತು ನಡೀರಿ. ನಂಬರ್ ಇಲ್ಲ, ಬಹುಮಾನ ಇಲ್ಲ.”

ನಗುತ್ತ, ಸೆರಗು ಸರಿಪಡಿಸಿಕೊಳ್ಳುತ್ತ ಹೆಂಗಸರು ಇಳಿದರು. ನಾನೂ ಇಳಿದೆ. ಗೆರೆಯನ್ನು ಕಂಡು ಕೈ ಮುಗಿದು, ಅಭ್ಯಾಸಬಲದಿಂದ ಬಲಗಾಲು ಮುಂದಿಟ್ಟು ಮೈದಾನವನ್ನು ಬಲಕ್ಕಿಟ್ಟುಕೊಂಡು ಹೊರಟುಬಿಟ್ಟೆ. ಕಾಲು ಸುತ್ತು ನಡೆದ ಮೇಲೆ ನೋಡಿದರೆ ಊರಿಗೆ ಊರೇ ಎದುರಿಗೆ ಬರುತ್ತಿದೆ.

“ಆಚಾರ್ರ,” ಮೈಕಿನಲ್ಲಿಯೇ ಅವರ ಧ್ವನಿ, “ಎಡಕ್ಕರಿ, ಎಡಕ್ಕ. ಇಲ್ಲಾಂದ್ರ ಎಲ್ಲಾರೂ ನಿಂತು ನಿಮಗ ನಮಸ್ಕಾರ ಮಾಡಬೇಕಾಗ್ತದ.”

ತಿರುಗಿ ಅವರೆಲ್ಲರ ಜೊತೆ ನಡೆದೆ. ನಾನು ತಂದದ್ದು ಮೃತ್ತಿಕೆಯೋ ಬರಿ ಮಣ್ಣೋ, ಅಂದಿನ ಸುತ್ತು ಯಾವ ಲೆಕ್ಕಕ್ಕೆ ಸೇರಿತೋ, ಈಗಲೂ ಅರಿಯೆ.

ಅಲ್ಲಿ ಓಡಿದವರು, ಇಲ್ಲಿ ನಡೆದವರು, ಪಾದರಕ್ಷೆ ತಟ್ಟಿ ತಿಳಿಸಿದ ಆ ವಿದುಷಿ, ಮನೆ ಬಿದ್ದು ಗುಡ್ಡವಾದ ಹೆಸರು ಗೊತ್ತಿಲ್ಲದ ಜನ, ಕಲ್ಲು ಆರಿಸಿದ ಆ ಕೈಗಳು, ಎಲ್ಲರಿಗೂ ಶ್ರೀಹರಿಯ ರಕ್ಷೆಯಿರಲಿ. ಯಾವ ಕಡೆಯಿಂದ ಸುತ್ತಿ ಬಂದರೂ ಅವನು ಸಿಗಲಿ.